ಒಲೆ ಬೇರೆಯಾದ ಮೇಲಿನ ಬಾಂಧವ್ಯ



ಕುಟುಂಬವನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಇಲ್ಲಿಗೆ ಕರೆದಾಗ, ಅವಿಭಕ್ತ ಕುಟುಂಬದ ಗುಣಗಾನವನ್ನೂ ಇಂದಿನ ಸಣ್ಣ ಸಂಸಾರಗಳ ನಿಂದೆಯನ್ನೂ ತಮ್ಮಲ್ಲಿ ಕೆಲವರು ನಿರೀಕ್ಷಿಸಿರಬಹುದು. ಅಂಥ ಉಪನ್ಯಾಸಗಳು ನಮ್ಮಲ್ಲಿ ಬಹಳವಾಗಿವೆ. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಮನೆತನಗಳ ಬಾಳುವೆಯನ್ನು ಪರಿಶೀಲಿಸುತ್ತ ಹೋದಂತೆ ನನಗೆ ದೃಢವಾದ ಸಂಗತಿಯೆಂದರೆ, ನಮ್ಮ ಬಾಂಧವ್ಯಗಳನ್ನು ಕೆಡಿಸಿದ್ದು ಮನೆ ಪಾಲಾದುದಲ್ಲ, ಪಾಲಿನಲ್ಲಿ ನ್ಯಾಯ ತಪ್ಪಿದುದು.

ಈ ವಿಷಯದಲ್ಲಿ ಕನ್ನಡ ನಾಡಿಗೆ ವಿಶೇಷವಾದ ಹೊಣೆಯುಂಟು. ಬಂಗಾಳದ ಕಡೆಯ ಪ್ರಾಂತಗಳನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಆಧಾರವಾದ ‘ಮಿತಾಕ್ಷರ’ವೆಂಬ ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಜನ್ಮದಿಂದಲೇ ಹಕ್ಕು ಬರುವುದೆಂಬ ಆ ಗ್ರಂಥದ ಮಾತು ಊರೂರಿನ ಗೌಡರ ಚಾವಡಿಗೂ ತಲುಪಿತು. ಆದರೆ ತಂದೆಯ ತರುವಾಯ ಮಕ್ಕಳು ವಿಭಾಗ ಮಾಡಿಕೊಳ್ಳುವಾಗ ತಾಯಿಗೂ ಸಮಭಾಗ ಸಲ್ಲಬೇಕೆಂಬ ಯಾಜ್ಞವಲ್ಕ್ಯನ ವಿಧಿಯನ್ನು ಅದೇ ಗ್ರಂಥವು ಎತ್ತಿಹಿಡಿದಿದ್ದರೂ, ಆ ಭಾಗವು ದಕ್ಷಿಣದಲ್ಲಿ ಆಚರಣೆಯಿಂದ ಮರೆಯಾಯಿತು. ತಮಗೆ ಅನುಕೂಲವಾದುದನ್ನು ಗಂಡಸರು ನೆನಪಿನಲ್ಲಿಟ್ಟುಕೊಂಡರು.

ಹಳೆಯ ತುಂಬಿದ ಮನೆಗೆ ಅದರದೇ ಆದ ಅರ್ಥವ್ಯವಸ್ಥೆಯೊಂದಿತ್ತೆಂಬುದನ್ನು ಮರೆಯಲಾಗದು. ನಾಲ್ಕೆತ್ತು, ಎಂಟೆತ್ತಿನ ಕಮತವುಳ್ಳ ಮನೆತನದ ಎರೆಹೊಲದಲ್ಲಿ ಜೋಳದ ಜೊತೆಗೆ ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿಗಳು ಬೆರೆತು ಬೆಳೆಯುತ್ತಿದ್ದ ಕಾಲದಲ್ಲಿ, ಮುಂಗಾರಿನಿಂದ ಸುಗ್ಗಿಯವರೆಗೆ ಪ್ರತಿಯೊಂದು ವಯಸ್ಸಿಗೂ ಒಂದು ಕೆಲಸವಿರುತ್ತಿತ್ತು: ಗಳೆ ಹೊಡೆಯುವವನು ಒಬ್ಬ, ದನ ಕಾಯುವವನು ಇನ್ನೊಬ್ಬ, ಕಣದಲ್ಲಿ ರಾತ್ರಿ ಕಾವಲಿಗೆ ಮಲಗುವವನು ಮಗದೊಬ್ಬ. ಬ್ಯಾಡಗಿ ಮೆಣಸಿನಕಾಯಿಯನ್ನು, ಅದು ಡಬ್ಬಿಯೇ ಆಗಲಿ ಕಡ್ಡಿಯೇ ಆಗಲಿ, ಗಿಡದಲ್ಲಿ ಹಣ್ಣಾದಂತೆಲ್ಲ ಎರಡು ಮೂರು ಸಲ ಬಿಡಿಸಿ, ಕಣದಲ್ಲಿ ಹರವಿ, ಮಂಜು ಬೀಳುವ ಹೊತ್ತಿಗೆ ಒಟ್ಟಿ, ಮರುದಿನ ಮತ್ತೆ ಹರವಿ, ಬಣ್ಣ ಕೆಡದಂತೆ ಒಣಗಿಸಿ, ಬಿಳಿಗಾಯಿಯನ್ನು ಆರಿಸಿ ತೆಗೆದು ಪೇಟೆಗೆ ಒಯ್ಯಬೇಕು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಕೆಂಪು ಬಣ್ಣದ ಹಿಂದೆ ಅತ್ತೆಯೂ ಸೊಸೆಯೂ ನೆಗೆಣ್ಣಿಯರೂ ಹಗಲೆಲ್ಲ ಬಾಗಿದ ಬೆನ್ನುಗಳಿವೆ. ಇಂಥ ಬೇಸಾಯಕ್ಕೆ ಕೈಗಳು ಬೇಕಾಗಿದ್ದವು. ಕೈಗಳು ಬೇಕಾದುದರಿಂದ ಮನೆಗಳು ಒಡೆಯದೆ ನಿಂತವು. ಕೈಗೆ ಕೆಲಸವನ್ನೂ ಹೊಟ್ಟೆಗೆ ಕಾಳನ್ನೂ ಒದಗಿಸುತ್ತಿದ್ದ ಆ ಮನೆಯಲ್ಲಿ ವಿಧವೆ ಅತ್ತಿಗೆಗೂ, ಬುದ್ಧಿ ಮಂದವಾದ ಮೈದುನನಿಗೂ, ತಾಯಿಯಿಲ್ಲದ ಕೂಸಿಗೂ ಒಂದು ಮೂಲೆಯೂ ಒಂದು ತಾಟೂ ಇದ್ದವು. ವಿಮೆ, ಪಿಂಚಣಿ, ಅಂಗನವಾಡಿಗಳು ಇಲ್ಲದ ಕಾಲದಲ್ಲಿ ಸಮಾಜವು ಆ ಭಾರವನ್ನೆಲ್ಲ ಮನೆತನದ ಹೆಗಲಿಗೇ ವಹಿಸಿತ್ತು.

ಆದರೆ ಆ ಹೆಗಲು ಯಾರದು? ಹಗೇವಿನ ಜೋಳದ ಲೆಕ್ಕ ಹಿರಿಯನ ಬಾಯಲ್ಲಿ, ತಿಜೋರಿಯ ಕೀಲಿ ಅವನ ಉಡಿದಾರದಲ್ಲಿ. ನಸುಕಿನಲ್ಲಿ ಎದ್ದು ಬೀಸಿ, ಒಂದು ಹೆಡಿಗೆ ರೊಟ್ಟಿ ಬಡಿದು, ಗಂಡಸರ ಊಟವಾದ ಮೇಲೆ ಉಳಿದುದನ್ನು ಉಣ್ಣುತ್ತಿದ್ದ ಸೊಸೆಗೆ ಆ ಮನೆಯಲ್ಲಿ ಒಡೆತನವೆಂಬುದು ಮೈಮೇಲಿನ ಬಂಗಾರಕ್ಕೆ ಮುಗಿಯಿತು, ಅದೂ ಬರಗಾಲ ಬಂದರೆ ಒತ್ತೆಗೆ ಹೋಗುವಂಥದು. ಅವಿಭಕ್ತ ಕುಟುಂಬದ ಔದಾರ್ಯವನ್ನು ಹೊಗಳುವವರು ಆ ಔದಾರ್ಯದ ವೆಚ್ಚವನ್ನು ಭರಿಸಿದವಳನ್ನು ಹೆಸರಿಸದೆ ಹೋಗುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಮತ್ತೂ ಒಂದು ಮಾತು: ಅಂಥ ದೊಡ್ಡ ಮನೆ ಭೂಮಿಯುಳ್ಳವರದು; ಕೂಲಿಯವನ ಗುಡಿಸಲು ಎಂದಿಗೂ ಸಣ್ಣದೇ ಆಗಿತ್ತು. ಗುಜರಾತಿನ ಹಳ್ಳಿಯೊಂದರ ಹತ್ತೊಂಬತ್ತನೆಯ ಶತಮಾನದ ದಾಖಲೆಗಳನ್ನು ಶೋಧಿಸಿದ ಸಮಾಜಶಾಸ್ತ್ರಜ್ಞ ಎ.ಎಂ. ಷಾ ಅವರು, ಸಣ್ಣ ಸಂಸಾರಗಳು ಹೊಸ ಕಾಲದ ಸೃಷ್ಟಿಯಲ್ಲವೆಂದು 1973ರ ತಮ್ಮ ಗ್ರಂಥದಲ್ಲಿ ತೋರಿಸಿರುವರು.

ಈಗ ನಮ್ಮ ಹಾವೇರಿ ಜಿಲ್ಲೆಯ ಹೊಲಗಳನ್ನು ನೋಡಿರಿ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿತು. ಬೆರೆತು ಬೆಳೆಯುತ್ತಿದ್ದ ಬೆಳೆಗಳ ಜಾಗವನ್ನು ಗೋವಿನಜೋಳ ಆಕ್ರಮಿಸಿತು, ಅದನ್ನು ಬಿತ್ತುವುದಕ್ಕೂ ಒಕ್ಕುವುದಕ್ಕೂ ಹತ್ತು ಕೈಗಳು ಬೇಡ. ಅಣ್ಣ ಊರಲ್ಲಿ ಉಳಿದ, ತಮ್ಮ ಹುಬ್ಬಳ್ಳಿಗೋ ಬೆಂಗಳೂರಿಗೋ ನೌಕರಿಗೆ ಹೋದ. ಮನೆಗಳು ಚಿಕ್ಕವಾದುದಕ್ಕೆ ಸೊಸೆಯಂದಿರ ನಾಲಗೆಯನ್ನು ಕಾರಣ ಮಾಡುವುದು ಸುಲಭ. ನಿಜವಾದ ಕಾರಣಗಳು ಹೊಲದಲ್ಲಿಯೂ ಪೇಟೆಯಲ್ಲಿಯೂ ಇವೆ.

ಒಲೆ ಬೇರೆಯಾದೊಡನೆ ಬಾಂಧವ್ಯ ತೀರಿತೆಂದು ಭಾವಿಸುವವರು ರಾಣೇಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಿಗೆ ಒಮ್ಮೆ ಹೋಗಬೇಕು. ಹೈಬ್ರಿಡ್ ಬೀಜಕ್ಕಾಗಿ ಬೆಳೆಯುವ ಟೊಮೆಟೊ, ಮೆಣಸಿನಕಾಯಿ, ಹತ್ತಿಗಳ ಮೊಗ್ಗನ್ನು ಅರಳುವ ಮುನ್ನ ಸಂಜೆ ಬಿಡಿಸಿ ಕೇಸರಗಳನ್ನು ತೆಗೆದು, ಮರುದಿನ ಬೆಳಗ್ಗೆ ಗಂಡುಗಿಡದ ಪರಾಗವನ್ನು ಒಂದೊಂದು ಹೂವಿಗೂ ಮುಟ್ಟಿಸಬೇಕು; ಹೂವು ಬಿಡುವ ದಿನಗಳುದ್ದಕ್ಕೂ ಈ ಕೆಲಸಕ್ಕೆ ರಜೆಯಿಲ್ಲ. ಅರ್ಧ ಎಕರೆಯ ತಾಕಿಗೂ ಗಂಡಹೆಂಡಿರಿಬ್ಬರು ಸಾಲರು. ಆಗ ಪಾಲಾಗಿ ಹೋದ ಅಣ್ಣನ ಹೆಂಡತಿ, ಪಕ್ಕದ ಓಣಿಯ ಚಿಗವ್ವ, ಅವಳ ಮಗಳು ಮುಯ್ಯಾಳಾಗಿ ಬರುವರು, ಮುಂದೆ ಅವರ ಹೊಲಕ್ಕೆ ಇವರು ಹೋಗುವರು. ಆದರೆ ಜನಗಣತಿಯವರು ಒಂದೇ ಒಲೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಎಣಿಸುವರು, ಸರಕಾರ ಪಡಿತರ ಚೀಟಿಯನ್ನು ನೋಡುವುದು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿಯೂ ಒಂದು ಚೀಟಿಗೆ ಒಬ್ಬ ಯಜಮಾನಿಗೆ ಮಾತ್ರ. ಆ ಎಣಿಕೆಗಳಿಗೆ ಮುಯ್ಯಾಳು ಸಿಕ್ಕುವುದಿಲ್ಲ. ಸಮಾಜ ನಿಂತಿರುವುದು ಬಹುಮಟ್ಟಿಗೆ ಆ ಮುಯ್ಯಾಳಿನ ಮೇಲೆ.

ಒಡೆಯದ ದೊಡ್ಡ ಮನೆಗಳೂ ಇಲ್ಲದಿಲ್ಲ. ಧಾರವಾಡದ ಬಳಿಯ ಲೋಕೂರಿನಲ್ಲಿ ನರಸಿಂಗನವರ ಮನೆತನವು ನೂರಕ್ಕೂ ಹೆಚ್ಚು ಮಂದಿಯ ಅವಿಭಕ್ತ ಕುಟುಂಬವೆಂದು ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಅದನ್ನು ಗೌರವದಿಂದ ಸ್ಮರಿಸೋಣ. ಆದರೆ ಮೂರೆಕರೆಯ ರೈತನಿಗೆ ಅದನ್ನು ಆದರ್ಶವೆಂದು ಬೋಧಿಸುವುದರಿಂದ ಪ್ರಯೋಜನವಿಲ್ಲ.

ನನ್ನ ಚಿಂತೆಯೆಲ್ಲ ಪಾಲಿನ ದಿನದ ಕುರಿತಾಗಿದೆ. ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ, ಅಂದಿಗೆ ಮದುವೆಯಾಗದಿದ್ದವರಿಗೆ, ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ವಿವಾಹಿತೆಯರಿಗೂ ವಿಸ್ತರಿಸಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೀಗಿದ್ದೂ ನಡೆಯುತ್ತಿರುವುದೇನು? ಉಪನೋಂದಣಿ ಕಚೇರಿಗೆ ತಂಗಿಯನ್ನು ಕರೆತಂದು ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿಸುವರು. ಆಕೆ ಹಾಕಿದರೆ ನಾಗರಪಂಚಮಿಗೆ ಕರೆಯಲು ಅಣ್ಣ ಬರುವನು, ಉಂಡಿ ಕಟ್ಟುವರು, ಜೋಕಾಲಿ ಕಟ್ಟುವರು. ಹಾಕೆನೆಂದರೆ ತವರಿನ ಬಾಗಿಲು ಮುಚ್ಚುವುದು. ತವರಿನ ಪ್ರೀತಿಗೆ ಹೊಲದ ಬೆಲೆ ಕಟ್ಟುವ ಈ ಪದ್ಧತಿಯನ್ನು ಬಾಂಧವ್ಯವೆಂದು ಕರೆಯಲು ನನಗೆ ಮನಸ್ಸು ಬಾರದು. ಅಣ್ಣತಮ್ಮಂದಿರಲ್ಲಿಯೂ, ಹಿರಿಯನು ಬಾಯಿ ಬಿಡದೆ ತೀರಿಕೊಂಡು, ಬಾವಿಯ ನೀರು ಯಾರಿಗೆ, ಬದುವಿನ ಬೇವು ಯಾರಿಗೆ ಎಂಬ ವ್ಯಾಜ್ಯ ನ್ಯಾಯಾಲಯದಲ್ಲಿ ತಲೆಮಾರು ಕಳೆಯುವುದು. ಪಾಲಿನಲ್ಲಿ ವೃದ್ಧರನ್ನೂ ತಿಂಗಳ ಲೆಕ್ಕದಲ್ಲಿ ಹಂಚಿ, ತಂದೆ ಒಬ್ಬನ ಮನೆಯಲ್ಲಿ, ತಾಯಿ ಇನ್ನೊಬ್ಬನ ಮನೆಯಲ್ಲಿ ಎಂದು ಅಗಲಿಸುವವರೂ ಇರುವರು. ಪಾಲನೆಯ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದಲ್ಲಿ ಮರಳಿ ಪಡೆಯಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವಿದೆ. ಅದಕ್ಕೆ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಯೂ ಇದೆ. ಇದನ್ನು ತಿಳಿದ ವೃದ್ಧರು ನಮ್ಮ ಹಳ್ಳಿಗಳಲ್ಲಿ ವಿರಳ.

ಆದುದರಿಂದ ಈ ಸಭೆಯಲ್ಲಿರುವ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ತಾವು ಬದುಕಿರುವಾಗಲೇ, ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ಪಡಸಾಲೆಯಲ್ಲಿ ಜೊತೆಗೆ ಕೂಡಿಸಿಕೊಂಡು, ತಮ್ಮ ಮತ್ತು ತಮ್ಮ ಪತ್ನಿಯ ಜೀವನಾಂಶವನ್ನು ಮೊದಲು ತೆಗೆದಿರಿಸಿ, ಉಳಿದುದನ್ನು ಸಮನಾಗಿ ಹಂಚಿ, ಕಾಗದ ಮಾಡಿಸಿ ನೋಂದಾಯಿಸಿರಿ. ಈ ಸುಗ್ಗಿ ಮುಗಿದೊಡನೆ ಆ ಕಾರ್ಯವನ್ನು ಕೈಗೊಳ್ಳಿರಿ.