240 ರೂಪಾಯಿ ಕ್ರೊಸಾಂಟ್, 20 ರೂಪಾಯಿ ಪಫ್

ಇವತ್ತಿನ ಎಪಿಸೋಡ್ ಬೇಕರಿ ಬಗ್ಗೆ. ಹಸಿವಾಗಿದ್ರೆ ಪಾಸ್ ಮಾಡಿ, ಏನಾದ್ರೂ ತಿಂದು ಬನ್ನಿ.

ವಿಷಯ ಏನಪ್ಪಾ ಅಂದ್ರೆ, ನಮ್ಮ ಸೋದರಮಾವಂದು ತಿಪಟೂರಲ್ಲಿ ಒಂದು ಬೇಕರಿ ಇದೆ. ಬನ್, ದಿಲ್‌ಪಸಂದ್, ಖಾರಾ ಬಿಸ್ಕೆಟ್, ಪಫ್. 26 ವರ್ಷದ ಅಂಗಡಿ. ಅವರ ಮಗನಿಗೆ ಅದನ್ನ ಫ್ರೆಂಚ್ ಸ್ಟೈಲ್ ಬೇಕರಿ ಮಾಡೋ ಆಸೆ. ಮನೆ ಪತ್ರ ಬ್ಯಾಂಕಲ್ಲಿಟ್ಟು 15 ಲಕ್ಷ ಸಾಲ ತಗೋಬೇಕು. ನಾನು ಬಿ.ಕಾಂ ಅನ್ನೋ ಒಂದೇ ಕಾರಣಕ್ಕೆ 'ನೀನೇ ಲೆಕ್ಕ ನೋಡು' ಅಂದ್ರು. ಲೆಕ್ಕಕ್ಕಿಂತ ಮುಂಚೆ ಅಂಥದ್ದೊಂದು ಅಂಗಡಿ ನೋಡೋಣ ಅಂತ ಮೂರೂ ಜನ ಬೆಂಗಳೂರಿನ ಇಂದಿರಾನಗರದ ಒಂದು ಬೇಕರಿಗೆ ಹೋದ್ವಿ.

ಒಳಗೆ ಕಾಲಿಟ್ಟ ತಕ್ಷಣ ಬೆಣ್ಣೆ ಕಾಯಿಸಿದ ಘಮ. ಗಾಜಿನ ಗೋಡೆ, ಅದರ ಹಿಂದೆ ನಾಲ್ಕು ಹುಡುಗರು ಹಿಟ್ಟು ಲಟ್ಟಿಸ್ತಾ ಇದ್ರು. ಕ್ರೊಸಾಂಟ್ 240, ಸಾರ್‌ಡೋ ಬ್ರೆಡ್ 380, ಎಕ್ಲೇರ್ 260. (ಉಚ್ಚಾರಣೆ ತಿದ್ದೋಕೆ ಬರಬೇಡಿ, ಪ್ಯಾರಿಸ್‌ನವರ ಥರ ಹೇಳೋಕೆ ಹೋದ್ರೆ ನಂಗೆ ಶೀತ ಆದ ಹಾಗೆ ಕೇಳತ್ತೆ.)

ಮಾವ ಮೆನು ನೋಡಲೇ ಇಲ್ಲ. ಕ್ರೊಸಾಂಟ್ ಬಂದ ಕೂಡಲೇ ತಿರುಗಿಸಿ ತಳ ನೋಡಿದ್ರು. ಆಮೇಲೆ ಚಾಕುವಲ್ಲಿ ಅಡ್ಡ ಕೊಯ್ದ್ರು. ಒಳಗೆ ಜೇನುಗೂಡಿನ ಥರ ತೂತು ತೂತು. 'ಮಡಿಕೆ ಚೆನ್ನಾಗಿ ಬಿದ್ದಿದೆ' ಅಂದ್ರು. ಇನ್ನೊಂದು ಚೂರು ಬಾಯಿಗೆ ಹಾಕ್ಕೊಂಡು, 'ಇದು ನಮ್ಮ ಪಫ್‌ನ ದೊಡ್ಡಪ್ಪನ ಮಗ ಕಣೋ.'

ನಿಜ. ಹಿಟ್ಟಿನ ಮಧ್ಯೆ ಕೊಬ್ಬು ಇಟ್ಟು, ಲಟ್ಟಿಸಿ, ಮೂರು ಮಡಿಕೆ ಮಾಡೋದು. ಹಾಗೆ ಮೂರು ಸಲ ಮಾಡಿದ್ರೆ 27 ಪದರ ಬೆಣ್ಣೆ. ಪಫ್‌ಗೂ ಇದೇ ಕೈಕೆಲಸ. ವ್ಯತ್ಯಾಸ ಎರಡು. ಕ್ರೊಸಾಂಟ್ ಹಿಟ್ಟಿಗೆ ಈಸ್ಟ್ ಬೀಳತ್ತೆ, ಹಾಗಾಗಿ ಅದು ರಾತ್ರಿಯೆಲ್ಲಾ ತಣ್ಣಗೆ ಮಲಗಬೇಕು. ಇನ್ನೊಂದು, ಇಲ್ಲಿ ಬೆಣ್ಣೆ, ಅಲ್ಲಿ ಮಾರ್ಗರಿನ್. ಬೆಣ್ಣೆ 32-35 ಡಿಗ್ರಿಗೇ ಕರಗಿಹೋಗತ್ತೆ. ಭಟ್ಟಿ ಉರಿಯೋ ಕೋಣೇಲಿ ಅದನ್ನ ಲಟ್ಟಿಸೋಕೆ ಹೋದ್ರೆ ಪದರ ಇರಲ್ಲ, ಬರೀ ಜಿಡ್ಡು. ಮಾರ್ಗರಿನ್ ಆ ಬಿಸಿಗೆ ಬಗ್ಗಲ್ಲ. ಅದಕ್ಕೇ ಕೆಲವು ಪಫ್ ತಿಂದ್ಮೇಲೆ ಅಂಗುಳಲ್ಲಿ ಮೇಣ ಅಂಟಿದ ಹಾಗನ್ನಿಸೋದು.

ಇದು ಮೂಲದಲ್ಲಿ ಫ್ರೆಂಚರದ್ದೂ ಅಲ್ಲ. ಆಗಸ್ಟ್ ಜಾಂಗ್ ಅನ್ನೋ ಆಸ್ಟ್ರಿಯಾದವನು 1830ರ ದಶಕದ ಕೊನೇಲಿ ಪ್ಯಾರಿಸ್‌ನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆಗೆದ. ಅವನ ಅರ್ಧಚಂದ್ರದ ತಿಂಡಿಯನ್ನ ಫ್ರೆಂಚರು ಆಮೇಲೆ ಪದರದ ಹಿಟ್ಟಲ್ಲಿ ಮಾಡಿ ತಮ್ಮದಾಗಿಸಿಕೊಂಡ್ರು. ಬ್ರೆಡ್ ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. 1998ರ ಕಾನೂನಿನ ಪ್ರಕಾರ ಹಿಟ್ಟು ಕಲೆಸಿ, ಆಕಾರ ಕೊಟ್ಟು, ಅಲ್ಲೇ ಸುಟ್ಟರೆ ಮಾತ್ರ 'ಬುಲಾಂಜರಿ' ಅಂತ ಬೋರ್ಡ್ ಹಾಕಬಹುದು. ಕ್ರೊಸಾಂಟ್‌ಗೆ ಆ ರೂಲ್ ಇಲ್ಲ. ಫ್ರೀಜರ್‌ನಿಂದ ತೆಗೆದು ಬಿಸಿ ಮಾಡಿದ್ದು ಅಲ್ಲೂ ಸಿಗತ್ತೆ. ಹಾಗಾಗಿ ನೀವೂ ಕೌಂಟರ್‌ನಲ್ಲಿ ನಾಚ್ಕೊಳ್ದೆ ಕೇಳಿ: ಇಲ್ಲೇ ಮಾಡಿದ್ದಾ, ಬೆಣ್ಣೇನಾ?

ರುಚಿ ಬಗ್ಗೆ ಬೇಗ ಹೇಳಿಬಿಡ್ತೀನಿ. ಎಕ್ಲೇರ್ ಸುಮಾರು. ಕ್ರೊಸಾಂಟ್ ಚೆನ್ನಾಗಿತ್ತು. ಸಾರ್‌ಡೋ ಮಾತ್ರ ಸೂಪರ್. ದೋಸೆ ಹಿಟ್ಟು ಹುಳಿ ಬರೋ ಹಾಗೆ ತಾನಾಗೇ ಹುಳಿ ಬಂದ ಹಿಟ್ಟು, ಅದೇ ಪರಿಚಯದ ಹುಳಿ.

ಈಗ ಲೆಕ್ಕ. ಒಂದು ಕ್ರೊಸಾಂಟ್‌ಗೆ ಹೆಚ್ಚಂದ್ರೆ 25 ಗ್ರಾಂ ಬೆಣ್ಣೆ. ಕೆಜಿಗೆ 600 ಅಂತ ಹಿಡಿದ್ರೂ 15 ರೂಪಾಯಿ. ಮೈದಾ, ಸಕ್ಕರೆ ಅದಕ್ಕಿಂತ ಕಮ್ಮಿ. ಅಂದ್ರೆ 240ರಲ್ಲಿ ಬಹುಪಾಲು ಹೋಗೋದು ಬಾಡಿಗೆಗೆ, ಎಸಿಗೆ, ಸಂಬಳಕ್ಕೆ, ಸಂಜೆ ಉಳಿದು ಬಿಸಾಕೋ ಮಾಲಿಗೆ, ಆ ಗಾಜಿನ ಗೋಡೆಗೆ. ತಿಪಟೂರಲ್ಲಿ 240 ಕೊಡೋರು ಯಾರು? 80ಕ್ಕೆ ಮಾರಿ, ಒಂದಕ್ಕೆ 25 ಉಳಿಯತ್ತೆ ಅನ್ನಿ. 15 ಲಕ್ಷ, ಶೇ 11 ಬಡ್ಡಿ, 5 ವರ್ಷ: ತಿಂಗಳ ಕಂತು ಸುಮಾರು 32,600. ಕಂತು ಕಟ್ಟೋಕೇ ದಿನಕ್ಕೆ 44 ಕ್ರೊಸಾಂಟ್ ಹೋಗಬೇಕು. ಭಾನುವಾರನೂ, ಹಬ್ಬದ ದಿನಾನೂ.

ಮಗನ ಕೊಟೇಶನ್ ಬಿಚ್ಚಿ ನೋಡಿದ್ರೆ 15ರಲ್ಲಿ 9 ಲಕ್ಷ ಬರೀ ಇಂಟೀರಿಯರ್. ಲೈಟು, ಗಾಜು, ಮಾರ್ಬಲ್ ಟೇಬಲ್. ಓವನ್, ತಣ್ಣನೆ ಕೋಣೆ, ಹಿಟ್ಟು ಲಟ್ಟಿಸೋ ಮಷೀನ್ ಸೇರಿ 6. ಆ 6 ಲಕ್ಷಕ್ಕೆ ಮಾತ್ರ ಸಾಲ ಮಾಡು, ಆಗ ದಿನಕ್ಕೆ 18 ಮಾರಿದ್ರೆ ಕಂತು ಗಿಟ್ಟತ್ತೆ ಅಂದೆ. ಅವನು 'ಈ ಗಾಜಿಲ್ದೆ ಯಾರು ಬರ್ತಾರೆ?' ಅಂದ. ಅವನ ಪ್ರಶ್ನೆ ತಪ್ಪು ಅಂತ ನಾನು ಹೇಳಲ್ಲ. ನಾವೂ ಅವತ್ತು ಬಾಗಿಲಲ್ಲೇ ಮೂರು ಫೋಟೊ ತೆಗೆದಿದ್ವಿ. ಆದ್ರೆ ಅಡ ಬೀಳ್ತಿರೋದು ಅವರಪ್ಪನ ಮನೆ.

ಮಾವ ಈ ಜಗಳಕ್ಕೆ ಬರಲೇ ಇಲ್ಲ. ಊರಿಗೆ ಹೋಗಿ, ಬೆಳಗಿನ ಜಾವ 4ಕ್ಕೆ, ಭಟ್ಟಿ ಹಚ್ಚೋ ಮುಂಚಿನ ಚಳೀಲಿ, ಬೆಣ್ಣೆ ಹಾಕಿ 12 ಪೀಸ್ ಮಾಡಿ ನೋಡಿದ್ದಾರೆ. ವಾಟ್ಸ್ಆ್ಯಪ್‌ಗೆ ಫೋಟೊ ಬಂತು. ಒಂದು ಪಕ್ಕ ಪದರ ಕೂಡಿಕೊಂಡಿದೆ, ಇನ್ನೊಂದು ಪಕ್ಕ ಅರಳಿದೆ. ಹನ್ನೆರಡನ್ನೂ ಕೆಲಸದ ಹುಡುಗರೇ ತಿಂದ್ರಂತೆ. ಭಾನುವಾರ ಮತ್ತೆ ಹಾಕ್ತಾರೆ. ಮಗ ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ. ಮುಂದಿನ ವಾರ ಸಿಗೋಣ.