ಶೃಂಗೇರಿಯ ಶೃಂಗ, ಲಾರಿಯ ಹಾರ್ನು

(ಕೊಪ್ಪದಲ್ಲಿ ಸೇರಿದ್ದ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ಬೆಂಗಳೂರಿನಿಂದ ಇಷ್ಟು ದೂರ ಬಂದಿದ್ದೀರಿ. ನಾನು ಪಿಯುಸಿ ಮುಗಿಸಿ ನೇರ ಅಚ್ಚುಕೂಟಕ್ಕೆ ಬಂದವನು, ಪಂಡಿತನಲ್ಲ. ಆದರೆ ಮದುವೆ ಕಾಗದ, ಜಾತ್ರೆ ಕರಪತ್ರ, ಸೊಸೈಟಿಯ ವರದಿ ಎಂದು ದಿನವಿಡೀ ಅಕ್ಷರ ನೋಡುವವನಿಗೆ ಪದಗಳ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಸೀಸದ ಮೊಳೆಗಳಿದ್ದವು. ‘ಶೃಂಗೇರಿ’ ಎಂದು ಜೋಡಿಸಬೇಕಾದರೆ ವಟ್ರಸುಳಿಯ ಮೊಳೆ ಹುಡುಕಬೇಕು. ಇಂದಿಗೂ ಹತ್ತು ಜನ ಕಾಗದ ಮಾಡಿಸಲು ಬಂದರೆ ನಾಲ್ಕು ಜನ ‘ಶ್ರಂಗೇರಿ’ ಎಂದೇ ಬರೆದುಕೊಂಡು ಬರುತ್ತಾರೆ. ಈ ಒಂದು ಹೆಸರನ್ನೇ ಹಿಡಿದು ಇವತ್ತು ನಾಲ್ಕು ಮಾತು ಹೇಳುತ್ತೇನೆ.

ಋಷ್ಯಶೃಂಗನ ಗಿರಿಯೇ ಶೃಂಗೇರಿ ಆಯಿತು ಎಂಬುದು ಹಿಂದಿನಿಂದ ಬಂದ ಮಾತು. ಕಿಗ್ಗದಲ್ಲಿ ಆ ಋಷಿಯ ದೇವಸ್ಥಾನವಿದೆ. ತಲೆಯ ಮೇಲೆ ಜಿಂಕೆಯಂತೆ ಕೋಡಿದ್ದವನು, ಮಳೆ ತರಿಸಿದವನು ಎಂದು ಕಥೆ. ಸಂಸ್ಕೃತದಲ್ಲಿ ‘ಶೃಂಗ’ ಎಂದರೆ ಕೋಡು. ಬೆಟ್ಟದ ತುದಿಗೂ ಅದೇ ಮಾತು. ಈಗ ಆಗುಂಬೆ ಘಾಟಿಯ ತಿರುವಿನಲ್ಲಿ ನಿಂತುಕೊಳ್ಳಿ. ಹಿಂದಿನಿಂದ ಬರುವ ಲಾರಿ ‘ಹಾರ್ನ್’ ಹೊಡೆಯುತ್ತದೆ. ಆ ಹಾರ್ನ್ ಎಂಬ ಇಂಗ್ಲಿಷ್ ಮಾತೂ ನಮ್ಮ ಶೃಂಗೇರಿಯ ಶೃಂಗವೂ ಒಂದೇ ಬೇರಿನವು! ಹಿಂದೆ ಪ್ರಾಣಿಯ ಕೊಂಬನ್ನೇ ಊದುತ್ತಿದ್ದರು, ಹೆಸರು ವಾಹನಕ್ಕೂ ಬಂತು.

ನಗಬೇಡಿ, ಇದಕ್ಕೆ ಲೆಕ್ಕವಿದೆ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಉಳಿದಿರಲಿಕ್ಕಿಲ್ಲ ಎಂದರು. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಧ್ವನಿಗಳು ಹೇಗೆ ಬದಲಾದವು ಎಂಬ ನಿಯಮವನ್ನು ಬಿಡಿಸಿಟ್ಟರು. ಲ್ಯಾಟಿನ್‌ನಲ್ಲಿ ‘ಕ’ ಇದ್ದಲ್ಲಿ ಇಂಗ್ಲಿಷಿನಲ್ಲಿ ‘ಹ’ ಬರುತ್ತದೆ. ಸಂಸ್ಕೃತ ಅಂಥ ಎಷ್ಟೋ ಕಡೆ ‘ಶ’ ಇಟ್ಟುಕೊಂಡಿದೆ. ಲ್ಯಾಟಿನ್‌ನ ‘ಕೆಂಟುಮ್’, ಸಂಸ್ಕೃತದ ‘ಶತ’, ಇಂಗ್ಲಿಷಿನ ‘ಹಂಡ್ರೆಡ್’ ನೋಡಿ. ಹಾಗೆಯೇ ‘ಕೊರ್ನು’, ‘ಶೃಂಗ’, ‘ಹಾರ್ನ್’. ವಿದ್ವಾಂಸರು ಹಿಂದೆ ಹಿಂದೆ ಹೋಗಿ ‘ಕೆರ್’ ಎಂಬ ಬೇರನ್ನು ಕಟ್ಟಿದ್ದಾರೆ. ಯಾವ ಶಾಸನದಲ್ಲೂ ಅದು ಸಿಕ್ಕಿಲ್ಲ, ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಬರೆದಂತೆ. ಅರ್ಥ ತಲೆ, ಕೋಡು.

ಈ ಅಜ್ಜಿಯ ಮೊಮ್ಮಕ್ಕಳು ನಿಮ್ಮ ಬಾಯಲ್ಲಿ ದಿನಾ ಓಡಾಡುತ್ತಾರೆ. ಬೆಂಗಳೂರಿನಲ್ಲಿ ‘ಕಾರ್ನರ್ ಸೈಟ್’ ಎನ್ನುತ್ತೀರಲ್ಲ, ಅದು ಲ್ಯಾಟಿನ್ ಕೊರ್ನುವಿನ ಮಗ. ಕೋಡಿನ ಮೊನೆಯಂತೆ ಚಾಚಿದ ಮೂಲೆ. ಚಿನ್ನದಂಗಡಿಯ 22 ಕ್ಯಾರೆಟ್ ಇದೆಯಲ್ಲ, ಗ್ರೀಕರು ಒಂದು ಮರದ ಕಾಯಿಗೆ ‘ಪುಟ್ಟ ಕೋಡು’ ಎಂಬ ಹೆಸರಿಟ್ಟಿದ್ದರು. ಅದರ ಬೀಜ ತೂಕದ ಬೊಟ್ಟಾಯಿತು, ಹೆಸರು ಅರಬ್ಬರ ಕೈದಾಟಿ ನಮ್ಮ ಅಕ್ಕಸಾಲಿಗರ ತನಕ ಬಂತು. ಮೈಗ್ರೇನ್ ಎಂಬ ತಲೆನೋವಿನ ಹೆಸರಿನಲ್ಲಿರುವುದು ಗ್ರೀಕಿನ ‘ಅರ್ಧ ತಲೆಬುರುಡೆ’. ನಮ್ಮ ಅಜ್ಜಿಯಂದಿರು ಗ್ರೀಕ್ ಕಲಿಯದೆಯೇ ‘ಅರೆತಲೆನೋವು’ ಎಂದರು! ಇನ್ನು ಸಂಸ್ಕೃತದ ‘ಶಿರ’ವೂ ಪಾರಸಿಯ ‘ಸರ್’ ಎಂಬುದೂ ಇದೇ ಬಳಗ. ಸರದಾರ, ಸರಕಾರ ಎರಡರಲ್ಲೂ ಇರುವುದು ಆ ತಲೆಯೇ. ತಾಲ್ಲೂಕು ಕಚೇರಿಯ ಶಿರಸ್ತೇದಾರರ ಹೆಸರು ಪಾರಸಿಯದು, ‘ಸರ್‌ರಿಶ್ತಾದಾರ್’, ಅಂದರೆ ದಾರದ ತುದಿ ಹಿಡಿದವನು. ನಾವು ಅದನ್ನು ಶಿರಸ್ಸಿನಂತೆ ಬರೆದುಕೊಂಡೆವು, ನೆಂಟಸ್ತಿಕೆ ಹೇಗೋ ಕೂಡಿಬಂತು.

ನರಸಿಂಹರಾಜಪುರದ್ದೂ ಇದೇ ಕಥೆ. ಅದರ ‘ರಾಜ’ ಲ್ಯಾಟಿನ್‌ನ ‘ರೆಕ್ಸ್’ಗೆ ಸೋದರ, ‘ಪುರ’ ಗ್ರೀಕಿನ ‘ಪೊಲಿಸ್’ಗೆ ಸೋದರ. ಪೊಲೀಸ್ ಠಾಣೆಯ ಹೆಸರು ಆ ಪೊಲಿಸ್‌ನಿಂದಲೇ ಇಳಿದದ್ದು.

ಹಾಗಾದರೆ ಕನ್ನಡ ಎಲ್ಲಿದೆ? ಕೇಳಬೇಕಾದ ಪ್ರಶ್ನೆ ಇದೇ. ಬಸ್ಸಿನಲ್ಲಿ, ಆಫೀಸಿನಲ್ಲಿ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ: ‘ಕನ್ನಡ ಸಂಸ್ಕೃತದ ಮಗಳು, ಹಿಂದಿಯೂ ಮಗಳು, ಅಕ್ಕನ ಮಾತು ಕಲಿಯಲು ತಂಗಿಗೇನು ಕಷ್ಟ?’ ಈ ಮಾತಿಗೆ ಕೋಪ ಮಾಡಿಕೊಂಡು ಉತ್ತರ ಕೊಡಬೇಡಿ, ಅದೇ ತಕ್ಕಡಿಯಲ್ಲಿ ತೂಗಿ ಕೊಡಿ. ಸಂಸ್ಕೃತದ ‘ಪಿತೃ’, ಲ್ಯಾಟಿನ್‌ನ ‘ಪಾತೆರ್’, ಇಂಗ್ಲಿಷಿನ ‘ಫಾದರ್’ ಒಂದು ಸಾಲು. ಕನ್ನಡದ ‘ತಂದೆ’, ತಮಿಳಿನ ‘ತಂದೈ’, ತೆಲುಗಿನ ‘ತಂಡ್ರಿ’ ಬೇರೆ ಸಾಲು. ಅತ್ತ ಶತ, ಹಂಡ್ರೆಡ್; ಇತ್ತ ಕನ್ನಡ ತೆಲುಗುಗಳ ನೂರು, ತುಳುವಿನ ನೂದು. ಕಣ್ಣು, ಕಿವಿ, ಮೂಗು, ಕೈ, ಕಾಲು, ಯಾವುದನ್ನೂ ನಾವು ಸಾಲ ತಂದಿಲ್ಲ. 1816ರಲ್ಲಿ ಮದ್ರಾಸಿನ ಎಲ್ಲಿಸ್ ಎಂಬ ಅಧಿಕಾರಿ, 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿ, ದಕ್ಷಿಣದ ನುಡಿಗಳದ್ದು ಬೇರೆಯದೇ ಮನೆತನ ಎಂದು ಬರೆದಿಟ್ಟರು. ನಮ್ಮಲ್ಲಿ ಸಂಸ್ಕೃತದ ಪದ ರಾಶಿ ಇವೆ, ನಿಜ. ಪಕ್ಕದ ಮನೆಯಿಂದ ಪಾತ್ರೆ ತಂದವನು ಆ ಮನೆಯ ಮಗನಾಗುತ್ತಾನೆಯೇ?

ನಮ್ಮ ಮನೆತನಕ್ಕೂ ಗ್ರಿಮ್‌ನ ನಿಯಮದಂಥದ್ದೇ ಒಂದು ಇದೆ. ಹಳಗನ್ನಡದ ‘ಪ’ ಹತ್ತನೇ ಶತಮಾನದಿಂದೀಚೆಗೆ ‘ಹ’ ಆಗುತ್ತ ಬಂತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ನರಸಿಂಹರಾಜಪುರದ ಹಿಂದಿನ ಹೆಸರು ಎಡೇಹಳ್ಳಿ, ಅದರೊಳಗೆ ಆ ‘ಹ’ ಕೂತಿದೆ. ಅಡಿಕೆಯ ಹೂಗೊನೆಗೆ ತುಳುವರು ‘ಪಿಂಗಾರ’ ಎಂದರೆ ಕನ್ನಡದವರು ‘ಹಿಂಗಾರ’ ಎನ್ನುತ್ತೇವೆ. ಕೆಲವರ ಬಾಯಲ್ಲಿ ಅದು ‘ಸಿಂಗಾರ’. ಅದನ್ನು ಕೇಳಿದ ತಕ್ಷಣ ‘ಓಹೋ, ಶೃಂಗಾರದಿಂದ ಬಂದದ್ದು’ ಎಂದು ಹಾರಬಾರದು. ಘಟ್ಟದ ಕೆಳಗಿನ ಪಿಂಗಾರವನ್ನು ನೋಡಿ ಬನ್ನಿ.

ನಮ್ಮವರಲ್ಲೂ ಹೀಗೆ ಹಾರುವವರಿದ್ದಾರೆ, ಹೇಳಿಬಿಡುತ್ತೇನೆ. ಕಿವಿಗೆ ಹತ್ತಿರ ಕೇಳಿದ ಇಂಗ್ಲಿಷ್ ಪದವನ್ನೆಲ್ಲ ಕನ್ನಡದಿಂದ ಹೋಯಿತು ಎಂದು ಕರಪತ್ರ ಬರೆದು ತರುತ್ತಾರೆ. ಅಚ್ಚು ಹಾಕಿಕೊಡುತ್ತೇನೆ, ಅದು ನನ್ನ ಕಸುಬು. ಆದರೆ ಒಪ್ಪುವುದಿಲ್ಲ. ಕೋಡನ್ನೇ ನೋಡಿ. ಶೃಂಗ ಎಂದರೆ ಕೊಂಬೂ ಹೌದು, ಬೆಟ್ಟದ ತುದಿಯೂ ಹೌದು. ಕನ್ನಡದ, ತಮಿಳಿನ ‘ಕೋಡು’ ಸಹ ಎರಡೂ ಹೌದು. ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರದ ಹೆಸರಿನಲ್ಲೂ ಹಾರ್ನ್ ಇದೆ. ಅರ್ಥ ಒಂದೇ, ನೆಂಟಸ್ತಿಕೆ ಇಲ್ಲ. ಬೆಟ್ಟ ನೋಡಿದ ಯಾವ ಮನುಷ್ಯನಿಗೂ ಕೋಡು ನೆನಪಾಗುತ್ತದೆ, ಅಷ್ಟೇ. ನಮ್ಮ ಕೋಡು ಕೋಡುಗಲ್ಲಿನಲ್ಲಿದೆ, ಸಂಜೆ ಕಾಫಿಗೆ ಕಡಿಯುವ ಕೋಡುಬಳೆಯಲ್ಲಿದೆ.

ನಿಜವಾಗಿ ದಕ್ಷಿಣದಿಂದ ಹೋದ ಪದ ಬೇಕೇ? ಹಸಿಶುಂಠಿ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಅದಕ್ಕೆ ‘ಶೃಂಗವೇರ’ ಎಂಬ ಹೆಸರಿದೆ. ಕೋಡಿನಂತೆ ಕವಲೊಡೆದದ್ದು ಎಂದು ಪಂಡಿತರು ಬಿಡಿಸುತ್ತಿದ್ದರು. ಆದರೆ ತಮಿಳಿನಲ್ಲಿ ಶುಂಠಿ ‘ಇಂಜಿ’, ಬೇರು ‘ವೇರ್’. ದಕ್ಷಿಣದ ಈ ಇಂಜಿವೇರೇ ಪಾಲಿಯಲ್ಲಿ ‘ಸಿಂಗಿವೇರ’ವಾಗಿ, ಸಂಸ್ಕೃತದಲ್ಲಿ ಶೃಂಗದ ವೇಷ ಹಾಕಿ, ಗ್ರೀಕ್ ಲ್ಯಾಟಿನ್‌ಗಳನ್ನು ದಾಟಿ ಇಂಗ್ಲಿಷಿನ ‘ಜಿಂಜರ್’ ಆಯಿತು. 1952ರಲ್ಲಿ ಅಲನ್ ರಾಸ್ ಎಂಬವರು ಈ ಒಂದು ಪದದ ಮೇಲೆಯೇ ಪುಸ್ತಕ ಬರೆದರು. ಆ ‘ವೇರ್’ ನಮ್ಮ ‘ಬೇರು’; ತಮಿಳಿನ ‘ವ’ ಕನ್ನಡದಲ್ಲಿ ‘ಬ’ ಆಗುವುದು ಇನ್ನೊಂದು ನಿಯಮ. ಕೊಪ್ಪದ ತೋಟದ ಅಡಿಕೆಯೂ ಹಾಗೆಯೇ. ಮಲೆಯಾಳದ ‘ಅಡಕ್ಕ’ ನಮ್ಮ ‘ಅಡಕೆ’ಯ ತಂಗಿ. ಪೋರ್ಚುಗೀಸರು ಅದನ್ನು ಎತ್ತಿಕೊಂಡು ‘ಅರೆಕ’ ಎಂದರು. 1753ರಲ್ಲಿ ಲಿನೇಯಸ್ ಮರಕ್ಕೆ ‘ಅರೆಕ ಕ್ಯಾಟೆಚು’ ಎಂದು ಹೆಸರಿಟ್ಟಾಗ ಅದು ಜಗತ್ತಿನ ಶಾಸ್ತ್ರ ಪುಸ್ತಕಕ್ಕೆ ಸೇರಿತು.

ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟನ್ನು ಬಿಡಿಸಿದರೆ ಎಷ್ಟೋ ಪದಗಳ ಪಕ್ಕದಲ್ಲಿ ತಮಿಳು, ತೆಲುಗು, ತುಳು, ಮಲೆಯಾಳದ ಒಡಹುಟ್ಟುಗಳು ಸಾಲಾಗಿ ನಿಂತಿವೆ. ಜರ್ಮನಿಯಿಂದ ಬಂದವರು ಅಷ್ಟು ಮಾಡಿದರು. ನೀವು ಮನೆಗೆ ಹೋದ ಮೇಲೆ ಅಜ್ಜ ಅಜ್ಜಿಯರ ಹತ್ತಿರ ಕೂತು ತೋಟದ್ದು, ಕೊಟ್ಟಿಗೆಯದು, ಅಡುಗೆಮನೆಯದು ಎಂದು ನೂರು ಪದ ಬರೆದುಕೊಳ್ಳಿ. ಪಕ್ಕದ ಮನೆಯ ತಮಿಳರನ್ನು, ತೆಲುಗರನ್ನು ಅದೇ ವಸ್ತುವಿನ ಹೆಸರು ಕೇಳಿ ಎದುರಿಗೆ ಬರೆಯಿರಿ. ಪಟ್ಟಿ ತಂದುಕೊಟ್ಟರೆ ನಾನು ಅಚ್ಚು ಹಾಕಿಕೊಡುತ್ತೇನೆ, ಕಾಗದದ ಖರ್ಚು ಮಾತ್ರ ನಿಮ್ಮದು.