ಪುಟ್ಟಿಯ ಕೆಳಗಿನ ತುಕ್ಕು

(ಸಂತೆಕಲ್ಲೂರಿನ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ಈ ವೇದಿಕೆಯ ಮೇಲೆ ಕಾಯಕದ ಬಗ್ಗೆ ನಾನು ಎಷ್ಟು ಸಲ ಮಾತಾಡಿದ್ದೇನೋ ಲೆಕ್ಕವಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಿಗೆ ಮಾತಿಗೇನು ಬರ? ಇವತ್ತು ಮಾತ್ರ ಮೊದಲು ನನ್ನ ಕೈ ನೋಡಿರಿ. ಇವೆಲ್ಲ ಕಿಡಿ ಸಿಡಿದು ಸುಟ್ಟ ಕಲೆಗಳು. ನಿವೃತ್ತಿಯಾದ ಮೇಲೆ ನಾನು ವೆಲ್ಡಿಂಗ್ ಕಲಿತೆ. ಕಲಿತೆ ಅನ್ನುವುದೂ ಹೆಚ್ಚಾಯಿತು, ಕಲಿಯುತ್ತಿದ್ದೇನೆ.

ನಮ್ಮ ಮನೆಯ ಅಂಬಾಸಡರ್ ಕಾರು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 1984ರ ಮಾಡೆಲ್ಲು. ಹೆರಿಗೆ ನೋವು ಬಂದ ಹೆಣ್ಣುಮಕ್ಕಳನ್ನು ನಮ್ಮ ತಂದೆಯವರು ಅದರಲ್ಲೇ ಲಿಂಗಸುಗೂರಿಗೆ ಕರೆದೊಯ್ಯುತ್ತಿದ್ದರು. ಇಲ್ಲಿ ಕೂತವರಲ್ಲಿ ಇಬ್ಬರು ಹುಟ್ಟುವ ಮೊದಲೇ ಅದರಲ್ಲಿ ಪ್ರಯಾಣ ಮಾಡಿದವರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಮೇಲೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಆ ಗಾಡಿಯ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ತಂದೆಯವರು ಹೋದ ಮೇಲೆ ನಮ್ಮದು ಕೊಟ್ಟಿಗೆ ಸೇರಿತು.

ಎಂಟು ವರ್ಷದ ಹಿಂದೆ ಅದನ್ನು ಒಬ್ಬರ ಹತ್ತಿರ ರಿಪೇರಿಗೆ ಬಿಟ್ಟಿದ್ದೆ. ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಾ ಬಂತು. ಎರಡು ಮಳೆಗಾಲ ಕಳೆಯುವುದರೊಳಗೆ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಸೇರಿದರೆ ತುಕ್ಕು. ಆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಬಣ್ಣವನ್ನು ಒಳಗಿನಿಂದ ಮೇಲಕ್ಕೆ ಎತ್ತುತ್ತದೆ. ಗುಳ್ಳೆ ಕಂಡಿತೆಂದರೆ ಒಳಗಿನ ಕೆಲಸ ಎಂದೋ ಮುಗಿದಿದೆ ಎಂದು ಅರ್ಥ.

ಮಸ್ಕಿ ರಸ್ತೆಯಲ್ಲಿ ಒಬ್ಬ ಹುಡುಗನ ವೆಲ್ಡಿಂಗ್ ಅಂಗಡಿ ಇದೆ. ನನ್ನ ಶಿಷ್ಯನೇ. ಊರ ಹೊರಗಿನ ಕೇರಿಯವನು, ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಅವನು ಬಂದು ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗೆ ಉದ್ದಕ್ಕೂ ತಟ್ಟುತ್ತಾ ಹೋದ. ಒಂದು ಕಡೆ ಟಣ್ ಎಂದಿತು, ಇನ್ನೊಂದು ಕಡೆ ಮಣ್ಣಿನ ಗೋಡೆಯಂತೆ ದಬ್ ಎಂದಿತು. ‘ಸರ, ಇಲ್ಲಿ ತಗಡೇ ಇಲ್ರಿ, ಬರೇ ಪುಟ್ಟಿ ಐತಿ’ ಎಂದ. ತುದಿಯಿಂದ ಒತ್ತಿದರೆ ಸ್ಕ್ರೂಡ್ರೈವರು ಒಳಗೇ ಹೋಯಿತು. ಒಳಗೆ ಸೇರಿದ ನೀರು ಹೊರಹೋಗಲು ತಯಾರಿಸಿದವರು ಕೆಳಗೆ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಚೆಂದ ಕಾಣಲಿ ಎಂದು ಅವನ್ನೂ ಪುಟ್ಟಿ ಹಾಕಿ ಮುಚ್ಚಿದ್ದರು. ಕೊಳೆಸಿದ್ದು ಮಳೆಯಲ್ಲ, ಆ ಅಲಂಕಾರ.

ಲಾರಿಗೆ, ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ. ಅಂಬಾಸಡರಿಗೆ ಹಾಗಿಲ್ಲ, ಮೈಯೇ ಅದರ ಎಲುಬು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ ಕೊಳೆತರೆ ಗಾಡಿ ನಡುವಿನಲ್ಲಿ ಕುಸಿಯುತ್ತದೆ. ಅಂಥ ಗಾಡಿಯಲ್ಲಿ ನಾನು ಮೊಮ್ಮಕ್ಕಳನ್ನು ಕೂಡಿಸಿಕೊಂಡು ಕೂಡಲಸಂಗಮಕ್ಕೆ ಹೋಗಿ ಬಂದಿದ್ದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಅವನಿಗೆ ಹೇಳಿದೆ: ‘ನೀನು ಮಾಡಿಕೊಡಬೇಡ, ನನಗೆ ಕಲಿಸು.’

ಮೊದಲ ಪಾಠ ಕಾರಿನ ಮೇಲೆ ಅಲ್ಲ, ಗುಜರಿ ತಗಡಿನ ಮೇಲೆ. ಕಾರಿನ ಮೈ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ. ಕಿಟಕಿ, ಗೇಟು ಬೆಸೆಯುವ ಕಡ್ಡಿ ವೆಲ್ಡಿಂಗನ್ನು ಅದಕ್ಕೆ ಹಚ್ಚಿದರೆ ಬೆಸುಗೆಯಾಗುವುದಿಲ್ಲ, ತೂತಾಗುತ್ತದೆ. ನಾನು ಹಾಗೆ ಎಷ್ಟೋ ತೂತು ಮಾಡಿದೆ. ಆಮೇಲೆ ಅವನು ತನ್ನ ಸಿಒಟು ಮೆಷಿನ್ನು ತಂದ. ಅದರಲ್ಲಿ 0.8 ಮಿಲಿಮೀಟರಿನ ತಂತಿ ತಾನೇ ಬರುತ್ತದೆ, ಸುತ್ತಲೂ ಗ್ಯಾಸು ಹರಿದು ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಮೂರನೆಯ ದಿನ ನನ್ನ ಬೆಸುಗೆ ಸಾಲು ನೋಡಲು ಬಲು ಚೆಂದ ಬಂತು. ಅವನು ಉಳಿ ಇಟ್ಟು ಒಂದೇ ಏಟು ಹೊಡೆದ. ಕಳಚಿ ಬಿತ್ತು. ‘ಮ್ಯಾಲೆ ಕುಂತೈತ್ರಿ, ಒಳಗ ಇಳಿದಿಲ್ಲ’ ಎಂದ. ಸರಿಯಾದ ಬೆಸುಗೆಯಾದರೆ ಹೊಡೆದಾಗ ಪಕ್ಕದ ತಗಡು ಹರಿಯಬೇಕು, ಬೆಸುಗೆ ಬಿಡಬಾರದು. ನಾನು ಬರೆಸುತ್ತಿದ್ದ ಪರೀಕ್ಷೆಗಳಿಗಿಂತ ಇದು ನಿಷ್ಠುರ ಪರೀಕ್ಷೆ. ಇದರಲ್ಲಿ ಕೃಪಾಂಕ ಇಲ್ಲ.

ಒಂದು ದಿನ ಮುಖವಾಡ ಇಳಿಸದೆ ಕ್ಷಣಹೊತ್ತು ಕಿಡಿ ನೋಡಿದೆ. ರಾತ್ರಿಯೆಲ್ಲ ಕಣ್ಣಲ್ಲಿ ಉಸುಕು ತುಂಬಿದ ಹಾಗಾಯಿತು. ಕಲಿಯುವವರಿಗೆ ಅದಕ್ಕೇ ಹೇಳುತ್ತೇನೆ: ಮುಖವಾಡ, ಚರ್ಮದ ಕೈಚೀಲ, ಹತ್ತಿ ಬಟ್ಟೆ ಇಲ್ಲದೆ ಮೆಷಿನ್ ಮುಟ್ಟಬೇಡಿರಿ. ಬ್ಯಾಟರಿ ಬಿಚ್ಚಿರಿ. ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಡಿರಿ. ಒಂದು ಬಕೆಟ್ ನೀರು, ಒಂದು ಬುಟ್ಟಿ ಉಸುಕು ಪಕ್ಕದಲ್ಲಿರಲಿ. ಜಿಂಕು ಬಳಿದ ತಗಡಾದರೆ ಬೆಸೆಯುವ ಜಾಗದ ಜಿಂಕನ್ನು ಉಜ್ಜಿ ತೆಗೆಯಿರಿ. ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.

ಇನ್ನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಾಲ್ಕನೆಯ ದಿನ ಸಂಜೆ ಅಂಗಳದ ಕಬ್ಬಿಣದ ಪುಡಿ ಗುಡಿಸುತ್ತಿದ್ದೆ. ಕಸದಲ್ಲಿ ನಾಲ್ಕು ಕಾಗದದ ಕಪ್ಪು ಸಿಕ್ಕವು. ನಾಲ್ಕೂ ಅವನವು. ನನಗೆ ದಿನವೂ ಸ್ಟೀಲಿನ ಲೋಟದಲ್ಲಿ ಚಹಾ ಬಂದಿತ್ತು, ಅವನಿಗೆ ಕಾಗದದ ಕಪ್ಪಿನಲ್ಲಿ. ಎದುರುಬದುರು ಕೂತು ಕುಡಿದಿದ್ದೇವೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಯವರನ್ನು ಕೇಳಿದೆ. ‘ಅತ್ತೆಯವರ ಕಾಲದಿಂದ ನಡೆದದ್ದು, ನೀವು ಒಂದು ದಿನವೂ ಬೇಡ ಅನ್ನಲಿಲ್ಲವಲ್ಲ’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ವರ್ಷದ ಬಸವ ಜಯಂತಿಯಲ್ಲಿ ಅನುಭವ ಮಂಟಪದ ಸಮಾನತೆಯ ಮೇಲೆ ಮುಕ್ಕಾಲು ತಾಸು ಮಾತಾಡಿ ಶಾಲು ಹೊದಿಸಿಕೊಂಡವನು ನಾನು.

ಮರುದಿನ ಅವನನ್ನು ಒಳಗೆ ಊಟಕ್ಕೆ ಕರೆದೆ. ‘ಬ್ಯಾಡ್ರಿ ಸರ, ಕೈ ಹೊಲಸು ಆಗ್ಯಾವ’ ಎಂದು ಹೊಸ್ತಿಲ ಹೊರಗೇ ಕೂತ. ನನ್ನ ಕೈಯೂ ಅಷ್ಟೇ ಹೊಲಸಾಗಿತ್ತು. ನಾನೂ ಹೊರಗೇ ಅವನ ಪಕ್ಕ ಕೂತು ಉಂಡೆ. ಮೂರನೆಯ ದಿನ ಅವನು ಒಳಗೆ ಬಂದ. ಅಂದಿನಿಂದ ನಮ್ಮ ಬೀಗರೊಬ್ಬರು ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ. ಅವರೂ ಇಷ್ಟಲಿಂಗ ಧರಿಸಿದವರೇ.

ಕಾರಿನ ಕೆಲಸ ಮುಂದುವರಿಯಿತು. ಗಟ್ಟಿ ತಗಡು ಸಿಗುವವರೆಗೂ ಕೊಳೆತದ್ದನ್ನು ಕತ್ತರಿಸಬೇಕು, ಇದು ಮೊದಲ ನಿಯಮ. ಹೊಸಬನಿಗೆ ಇದೇ ಕಷ್ಟ. ಅಂಗೈಯಗಲದ ತೂತು ಮೊಳದುದ್ದವಾಗುತ್ತಾ ಹೋದಂತೆ ಕೈ ಹಿಂಜರಿಯುತ್ತದೆ. ಇಲ್ಲಿಗೆ ಸಾಕು, ಇದರ ಮೇಲೇ ಒಂದು ತೇಪೆ ಹಾಕೋಣ ಅನಿಸುತ್ತದೆ. ಆದರೆ ತುಕ್ಕಿಗೆ ಬೆಸುಗೆ ಹತ್ತುವುದಿಲ್ಲ. ಗಾಡಿಗೆ ಕೆಳಗಿನಿಂದ ಗಟ್ಟಿ ಆಧಾರ ಕೊಟ್ಟು, ಒಂದು ಸಲಕ್ಕೆ ಒಂದೇ ಬದಿ ಕತ್ತರಿಸಿದೆವು. ಬಾಗಿಲ ಸಂದು ಹೆಚ್ಚು ಕಡಿಮೆ ಆಗುತ್ತಿಲ್ಲವೆಂದು ಮತ್ತೆ ಮತ್ತೆ ಅಳೆದೆವು. ಹೊಸ ಪಟ್ಟಿ ಕೂಡಿಸಿ ಅಂಗುಲಕ್ಕೊಂದರಂತೆ ಚುಕ್ಕೆ ಹಾಕಿದೆವು. ಇಲ್ಲೊಂದು ಚುಕ್ಕೆಯಾದರೆ ಮುಂದಿನದು ದೂರದ ಆ ತುದಿಯಲ್ಲಿ. ಒಂದೇ ಸಮನೆ ಎಳೆದರೆ ಕಾವಿಗೆ ತಗಡು ಡೊಂಕಾಗುತ್ತದೆ. ಭಾರ ಹೊರುವ ಬೆಸುಗೆಗಳನ್ನು ನಾನು ಮುಟ್ಟಲಿಲ್ಲ. ಅವು ಅವನ ಕೈಯವು. ನನ್ನದು ಡಿಕ್ಕಿಯ ತಳ, ಹಿಂದಿನ ಸೀಟಿನ ಕೆಳಗಿನ ನೆಲ. ಕೊನೆಗೆ ಜಿಂಕ್ ಪ್ರೈಮರು, ಬಣ್ಣ, ಪೆಟ್ಟಿಗೆಯೊಳಗೆ ಮೇಣ. ಆ ಸಣ್ಣ ತೂತುಗಳನ್ನು ಮತ್ತೆ ತೆರೆದೆವು. ಈಗ ಮಳೆಯಾದರೆ ನೀರು ಒಳಗೆ ನಿಲ್ಲುವುದಿಲ್ಲ.

ಬಂಧುಗಳೆ, ನಮ್ಮ ನೆಲದಲ್ಲಿ ಈ ಮಾತು ಹೊಸದಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬನ್ನಿ ಎಂದವರು ಲಕ್ಕಮ್ಮ. ತಪ್ಪನ್ನು ಮನೆಯೊಳಗೇ ಹಿಡಿದು ತಿದ್ದಿದ ತಾಯಿ ಅವರು. ಇದೇ ಸಂತೆಕಲ್ಲೂರಿನ ಘನಮಠದ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದು, ಒಕ್ಕಲುತನವೂ ಶಿವಯೋಗಿ ಚಿಂತಿಸಬೇಕಾದ ವಿಷಯವೆಂದು ತೋರಿಸಿದರು. ಇಂಥವರ ಊರಿನಲ್ಲಿದ್ದು ನಾವು ಕಾಯಕವನ್ನು ಭಾಷಣಕ್ಕೆ ಇಟ್ಟುಕೊಂಡೆವು, ಕೈಗೆ ಮಸಿಯಾಗುವ ಕೆಲಸವನ್ನು ಬೇರೆಯವರಿಗೆ ಬಿಟ್ಟೆವು. ಹಾಗೆ ಕೆಲಸ ಮಾಡಿದವರಿಗೆ ಕಾಗದದ ಕಪ್ಪು ಕೊಟ್ಟೆವು. ಒಳಪಂಗಡಗಳ ಜಗಳಕ್ಕೆ ಪ್ರತಿ ವರ್ಷ ಒಂದು ಸಮಾವೇಶದ ಬಣ್ಣ ಬಳಿಯುತ್ತೇವೆ. ಯಾರ ಮನೆಯಲ್ಲಿ ಎಲ್ಲಿ ದಬ್ ಅನ್ನುತ್ತದೆ ಎಂದು ನಾನು ಹೇಳಲಾರೆ. ನನ್ನ ಮನೆಯಲ್ಲಿ ತಟ್ಟಿ ನೋಡಿದ್ದನ್ನು ಹೇಳಿದ್ದೇನೆ.

ನಾನೂ ಈಗ ಒಂದು ಮೆಷಿನ್ನು ಕೊಂಡು ಅಂಗಳದಲ್ಲಿಟ್ಟಿದ್ದೇನೆ. ಎರಡು ಮುಖವಾಡಗಳಿವೆ. ಭಾನುವಾರ ಬೆಳಗ್ಗೆ ಆ ಹುಡುಗ ಬರುತ್ತಾನೆ, ಕಲಿಸುವವನು ಅವನೇ. ನಿಮ್ಮ ಮಕ್ಕಳನ್ನು ಕಳಿಸಿರಿ, ಹೆಣ್ಣುಮಕ್ಕಳನ್ನೂ ಕಳಿಸಿರಿ. ಚಹಾ ಎಲ್ಲರಿಗೂ ಸ್ಟೀಲಿನ ಲೋಟದಲ್ಲೇ. ಕುಡಿದಾದ ಮೇಲೆ ಲೋಟ ತೊಳೆಯುವ ಸರದಿ ನನ್ನದು.